ಎಡಗಡೆಯ ಗುಮಟೆ

ಕಾಸರಕೋಡಿನ ದಡ ಬಿಟ್ಟ ಲಾಂಚು ಶರಾವತಿಯ ನಡುನೀರಿಗೆ ಬಂದರೂ ರಮಾನಂದ ಮಾಸ್ತರರು ನೀರಿನಿಂದ ಕಣ್ಣು ಕೀಳಲಿಲ್ಲ. ಅವರು ಕೂತುಕೋ ಎನ್ನದೆ ಅವರ ಎದುರು ಕೂರುವುದು ಹೇಗೆಂದು ತಿಳಿಯದೆ ಶುಕ್ರ ಗುಮಟೆಯ ಮಡಕೆಯನ್ನು ಸೊಂಟದ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ನಿಂತೇ ಇದ್ದ. ಮಧ್ಯಾಹ್ನದ ಬಿಸಿಲು ನೀರಿಗೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಮೀನಿನ ಬುಟ್ಟಿಯವಳೊಬ್ಬಳು ಗುಮಟೆ ನೋಡಿ ‘ಹಬ್ಬ ಇಲ್ಲ, ಮದ್ವಿ ಇಲ್ಲ, ಇದನ್ನ ಹೊತ್ಕಂಡು ಎಲ್ಲಿಗೆ ಹೋಗಿದ್ಯಾ’ ಎಂದು ಕೇಳಿದಳು. ಭಟ್ಕಳಕ್ಕೆ ಎಂದ. ‘ಭಟ್ಕಳದಾಗೆ ಎಂತ?’ ಎಂದಳು. ಎಂತ ಎಂದು ಹೇಳುವುದು? ಹೊಸ ಸಂಗೀತ ಎಂದರೆ ಅವಳು ನಗುತ್ತಾಳೆ. ಅವಳು ನಕ್ಕರೆ ಮಾಸ್ತರರಿಗೆ ಕೇಳಿಸುತ್ತದೆ. ಇವತ್ತಿಗೆ ಅವರ ಪಾಲಿಗೆ ಬಂದ ನಗು ಸಾಕಷ್ಟಾಗಿದೆ. ಶುಕ್ರ ಮುಖ ತಿರುಗಿಸಿ ಹೊಳೆಯ ಬಾಯಿಯ ಕಡೆ, ಬಿಳಿ ಗೆರೆಯಾಗಿ ಒಡೆಯುತ್ತಿದ್ದ ಕಡಲನ್ನು ನೋಡಿದ.

ಮಾಸ್ತರರ ತೊಡೆಯ ಮೇಲೆ ಶಾಲು ಸುತ್ತಿದ ಪಿಟೀಲಿತ್ತು. ಹಳೆಯದು, ಹೊನ್ನಾವರದ ಕಡೆಯ ಒಂದು ಇಗರ್ಜಿಯ ಅಟ್ಟದಿಂದ ಹೇಗೋ ಸಂಪಾದಿಸಿ ತಂದದ್ದು. ಅದಕ್ಕೆ ಉಕ್ಕಿನ ತಂತಿಯಿಲ್ಲ, ಕುರಿಯ ಕರುಳಿನ ತಂತಿ. ಉಪ್ಪುಗಾಳಿ ತಗುಲಿದರೆ ಸಾಕು, ಗುಮಟೆಗೆ ಬಿಗಿದ ಉಡದ ಚರ್ಮದ ಹಾಗೆಯೇ ಅದೂ ಸಡಿಲಾಗುತ್ತದೆ. ಎರಡನ್ನೂ ಬೆಂಕಿಗೆ ಕಾಯಿಸಬೇಕು. ಅಭ್ಯಾಸದ ಮೊದಲ ದಿನ ಕುಮಟೆಯ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಒಂದೇ ಕೆಂಡದ ಬಾಣಲೆಯ ಆಚೆಗೊಬ್ಬರು ಈಚೆಗೊಬ್ಬರು ಕುಕ್ಕರಗಾಲಲ್ಲಿ ಕೂತು ತಮ್ಮ ತಮ್ಮ ವಾದ್ಯ ಕಾಯಿಸಿಕೊಳ್ಳುವಾಗ ಮಾಸ್ತರರು ನಕ್ಕು, ‘ನೋಡು ಶುಕ್ರ, ಇಬ್ಬರದೂ ಸತ್ತ ಪ್ರಾಣಿಯ ಹಾಡೇ’ ಎಂದಿದ್ದರು. ಹಾಗೆ ಒಬ್ಬರ ಎದುರು ಒಬ್ಬರು ಕೂತದ್ದು ಶುಕ್ರನಿಗೆ ಈಗಲೂ ನಂಬಿಕೆಯಾಗದು. ಜರ್ಮನಿಯಲ್ಲೋ ಎಲ್ಲೋ, ಮ್ಯೂಸಿಯಮ್ಮಿನ ಗೋಡೆಗೆ ನೇತುಹಾಕಿದ್ದ ಇನ್ನೂರು ಮುನ್ನೂರು ವರ್ಷದ ಹಳೇ ವಾದ್ಯಗಳನ್ನು ಇಳಿಸಿ, ಅವಕ್ಕಾಗಿಯೇ ಈಗಿನವರು ಹೊಸ ಸಂಗೀತ ಬರೆಯುತ್ತಿದ್ದಾರೆ ಎಂದು ಅವರು ರೇಡಿಯೋದಲ್ಲಿ ಕೇಳಿದ್ದರಂತೆ. ಹಳೇ ವಾದ್ಯಕ್ಕೆ ಹಳೇ ಹಾಡೇ ಯಾಕೆ? ಈ ಪಿಟೀಲಿಗೆ, ನಿಮ್ಮ ಗುಮಟೆಗೆ ನಾವು ಬರೆಯೋಣ. ದೇವರಿಲ್ಲದ್ದು, ರಾಜನಿಲ್ಲದ್ದು, ಇವತ್ತಿನದು ಎಂದಿದ್ದರು. ಶುಕ್ರ ಹೂಂ ಎಂದಿದ್ದ. ಗುಮಟೆಯನ್ನು ಯಾರೂ ಮ್ಯೂಸಿಯಮ್ಮಿಗೆ ಕೊಟ್ಟಿಲ್ಲ, ಅದು ಹೊಳನಗದ್ದೆಯ ತಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟಣಿಗೆಯಲ್ಲಿದೆ ಎಂದು ಹೇಳಬೇಕೆನಿಸಿತ್ತು. ಶಾಲೆಯ ಜವಾನ ಮಾಸ್ತರರಿಗೆ ಹೇಳುವ ಮಾತಲ್ಲ ಅದು.

‘ಯಾಕೆ ಬಾರಿಸಿದೆ?’ ಎಂದರು ಮಾಸ್ತರರು, ಹೊಳೆಯನ್ನೇ ನೋಡುತ್ತ.

‘ಅಧ್ಯಕ್ಷರು ಬಾರ್ಸು ಅಂದ್ರು ಒಡ್ಯಾ.’

‘ಅವರು ಅಂದರೆ?’

‘ಅಂದ್ರೆ… ಬಾರ್ಸು ಅಂದ್ಮೇಲೆ ಬಾರ್ಸದೆ ಇಪ್ಪುದು ಹ್ಯಾಂಗೆ?’

‘ಸುಮ್ಮನಿರೋದನ್ನ ನಿನಗೆ ಕಲಿಸೋಕೆ ಇಡೀ ಮಳೆಗಾಲ ಬೇಕಾಯ್ತು ನನಗೆ,’ ಎಂದರು ಮಾಸ್ತರರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಹಗುರಾಗುತ್ತಿತ್ತು. ‘ಐದು ನಿಮಿಷದಲ್ಲಿ ಕಳೆದುಬಿಟ್ಟೆ.’

ಭಟ್ಕಳದ ಸಭೆಯಲ್ಲಿ ಬೆಳಿಗ್ಗೆ ನಡೆದದ್ದು ಇಷ್ಟೆ. ಜಿಲ್ಲೆಯ ಕಲೆಗಳ ಸಮಾರಂಭವೆಂದು ತುಂಬ ಜನ ಸೇರಿದ್ದರು. ಮಾಸ್ತರರ ಹೆಸರು ಕೂಗಿ, ಜೊತೆಗೆ ಅವರ ಶಾಲೆಯ ಜವಾನ ಎಂದರು. ಮಾಸ್ತರರ ಸಂಗೀತದಲ್ಲಿ ನಡುವೆ ಒಂದು ಕಡೆ ಪಿಟೀಲೂ ನಿಲ್ಲುತ್ತದೆ, ಗುಮಟೆಯೂ ನಿಲ್ಲುತ್ತದೆ. ಹದಿನಾರು ಏಟಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಗುಮಟೆಯ ಒಂದೇ ಒಂದು ಏಟು, ಎಡಗೈಯಿಂದ ಮಡಕೆಯ ಹಿಂಬಾಯಿ ಮುಚ್ಚಿ, ತುಂಬ ಕೆಳಗಿನಿಂದ ಬಂದ ಹಾಗೆ. ಆ ಏನೂ ಇಲ್ಲದ ಜಾಗದಲ್ಲಿ ಮೊದಲು ಯಾರೋ ಕೆಮ್ಮಿದರು, ಕುರ್ಚಿ ಕಿರುಗುಟ್ಟಿತು, ಹಿಂದಿನ ಸಾಲಿನಿಂದ ನವಾಯತಿ ಭಾಷೆಯಲ್ಲಿ ಯಾರೋ ಏನೋ ಅಂದು ಇಡೀ ಸಾಲೇ ನಕ್ಕಿತು, ಮುಂದೆ ಕೂತ ದೊಡ್ಡ ಮನುಷ್ಯರೊಬ್ಬರು ‘ಪಾಪ, ಮರ್ತೋತು ಅವಂಗೆ’ ಎಂದರು. ಮುಗಿದ ಮೇಲೆ ಅಧ್ಯಕ್ಷರು ಎದ್ದು, ಹಳೇ ವಾದ್ಯಗಳನ್ನು ಉಳಿಸಿಕೊಳ್ಳಬೇಕು, ಮಾಸ್ತರರ ಶ್ರಮ ದೊಡ್ಡದು, ಈಗ ಈ ಗೌಡ ತನ್ನ ಕಡೆಯದು ಒಂದನ್ನು ಸರಿಯಾಗಿ ಬಾರಿಸಲಿ ಎಂದರು. ಶುಕ್ರ ಬಾರಿಸಿದ. ಸುಗ್ಗಿಯ ಕುಣಿತದ ಪೆಟ್ಟು; ನಿದ್ದೆಯಲ್ಲೂ ಬರುವಂಥದ್ದು. ಜನ ಕುರ್ಚಿಯ ಕೈ ಕುಟ್ಟಿ ಚಪ್ಪಾಳೆ ಹೊಡೆದರು. ಆಗ ಮಾಸ್ತರರು ಪಿಟೀಲಿನ ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತ ಕೂತಿದ್ದರು, ಗೋಡೆಯ ಕಡೆ ಮುಖ ಮಾಡಿ.

ಆದರೆ ಮಾಸ್ತರರಿಗೆ ಗೊತ್ತಿಲ್ಲದ್ದು ಒಂದಿತ್ತು. ಆ ಹದಿನಾರು ಏಟಿನ ಖಾಲಿ ಜಾಗ ಅವನಿಗೆ ಬೇಕಾಗಿಬಿಟ್ಟಿತ್ತು. ಶಾಲೆಯಲ್ಲಿ ಗಂಟೆ ಹೊಡೆಯುವವನು ಅವನು. ಶುಕ್ರಾ ನೀರು, ಶುಕ್ರಾ ಸೀಮೆಸುಣ್ಣ, ಶುಕ್ರಾ ಯಾರೋ ಹುಡುಗ ವಾಂತಿ ಮಾಡಿದ, ಬಳ್ಕೊಂಡು ಹೋಗು. ಮನೆಗೆ ಬಂದರೆ ಅಣ್ಣ ಕರೆಯುತ್ತಾನೆ, ದನ ಕರೆಯುತ್ತದೆ, ಗದ್ದೆಯ ಒಡೇರ ಆಳು ಬೇಲಿಯಾಚೆಯಿಂದ ಕರೆಯುತ್ತಾನೆ. ಹುಟ್ಟಿದಂದಿನಿಂದ ಯಾರಾದರೂ ಅವನನ್ನು ಕರೆಯುತ್ತಲೇ ಇದ್ದಾರೆ. ಆ ಜಾಗದಲ್ಲಿ ಮಾತ್ರ ಯಾರೂ ಕರೆಯುವಂತಿಲ್ಲ. ಇಡೀ ಸಭೆ ಅವನ ಮುಂದಿನ ಏಟಿಗೆ ಕಾಯಬೇಕು. ನಗಲಿ, ಕೆಮ್ಮಲಿ, ಕಾಯಬೇಕು. ಮಾಸ್ತರರೆದುರು, ಹೆಡ್‌ಮಾಸ್ತರರೆದುರು, ಒಡೇರೆದುರು ತಾನು ಈ ಜನ್ಮದಲ್ಲಿ ಸುಮ್ಮನಿದ್ದದ್ದು ಎಷ್ಟು! ಅದನ್ನು ಯಾರೂ ಸಂಗೀತ ಅನ್ನಲಿಲ್ಲ. ಅದೇ ಸುಮ್ಮನಿರುವುದನ್ನು ಮಾಸ್ತರರು ಕಾಗದದ ಮೇಲೆ ಬರೆದರೆ ಹೊಸದಾಗುತ್ತದೆ. ಈ ಯೋಚನೆ ಬಂದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೂ ಆ ಜಾಗ ಬೇಕೆನಿಸುತ್ತಿತ್ತು, ಹೆಂಡದ ಹಾಗೆ.

‘ಯಾರಿಗೂ ಅರ್ಥ ಆಗಲಿಲ್ಲ,’ ಎಂದರು ಮಾಸ್ತರರು ಹೊನ್ನಾವರದ ದಡ ಹತ್ತುವಾಗ. ‘ನಿನಗಾದರೂ ಆಯ್ತೋ?’

‘ಹೂಂ ಒಡ್ಯಾ.’

ಅದು ಜವಾನನ ಹೂಂ ಎಂದೇ ಅವರು ತಿಳಿದರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಕುಮಟೆಯ ಬಸ್ಸಿನಲ್ಲಿ ಮಾಸ್ತರರಿಗೆ ಮುಂದೆ ಜಾಗ ಸಿಕ್ಕಿತು, ಶುಕ್ರನಿಗೆ ಹಿಂದಿನ ಚಕ್ರದ ಮೇಲೆ. ಗುಮಟೆ ಒಡೆಯದ ಹಾಗೆ ಮೊಣಕಾಲ ನಡುವೆ ಅದುಮಿ ಹಿಡಿದು ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ, ಆಯಾಸ ಮಾತ್ರ ಮೇಲೆ ಮೇಲೆ ಬಂತು. ಸಡಿಲಾಗದಿರಲೆಂದು ಚರ್ಮದ ಮೇಲೆ ಅಂಗೈ ಇಟ್ಟಿದ್ದ. ಅದೇ ಕೈಯ ಗೆಣ್ಣಿಗೆ ಮಾಸ್ತರರು ಅಭ್ಯಾಸದ ಹೊತ್ತಲ್ಲಿ ಫೂಟುಪಟ್ಟಿಯಿಂದ ತಟ್ಟುತ್ತಿದ್ದರು. ಹೊಡೆಯುತ್ತಿರಲಿಲ್ಲ, ತಟ್ಟುತ್ತಿದ್ದರು. ಕೂದಲು ನೆರೆಯತೊಡಗಿದ ಗಂಡಸಿನ ಕೈಗೆ. ತಪ್ಪು ಅವನದೇ. ಪಿಟೀಲು ನಿಂತ ಕೂಡಲೇ ಅವನ ಕೈ ತಾನಾಗಿ ಮುಂದೆ ಬಂದು ತುಂಬಿಬಿಡುತ್ತಿತ್ತು. ‘ಅದು ಖಾಲಿ, ಖಾಲಿ ಬಿಡು’ ಎನ್ನುತ್ತಿದ್ದರು. ಬಿಡುವುದು ಹೇಗೆ? ಊರಿನ ಗುಮಟೆಯ ಮೇಳದಲ್ಲಿ ಅವನು ಎಡಗಡೆಯವನು. ನಡುವೆ ಕೂತು ಮುಂದಾಳುತನ ಮಾಡುವವನು ಅಣ್ಣ ಕುಪ್ಪ. ಕುಪ್ಪ ಉಸಿರೆಳೆದುಕೊಳ್ಳಲು ಕೈ ತೆಗೆದರೆ, ಬೆವರೊರೆಸಿದರೆ, ಎಲೆ ಉಗುಳಲು ತಿರುಗಿದರೆ ಆ ಸಂದಿನಲ್ಲಿ ಎಡಗಡೆಯವನ ಕೈ ಬೀಳಬೇಕು, ಕೇಳುವವನಿಗೆ ಕೈ ಬದಲಾದದ್ದು ಗೊತ್ತಾಗಬಾರದು. ಮೀಸೆ ಬರುವ ಮೊದಲೇ ಅಪ್ಪ ಅವನನ್ನು ಕುಪ್ಪನ ಎಡಕ್ಕೆ ಕೂರಿಸಿದ್ದ. ಅವನಿಗೆ ಬರುವ ವಿದ್ಯೆ ಅದೊಂದೇ. ಇನ್ನೊಬ್ಬ ಬಿಟ್ಟ ಜಾಗ ತುಂಬುವುದು. ಮಾಸ್ತರರ ಫೂಟುಪಟ್ಟಿ ಅದನ್ನು ಬಿಡಿಸಿತು. ಒಂದು ದಿನ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಅವನ ಕೈ ಮುಂದೆ ಬರಲಿಲ್ಲ. ಮಾಸ್ತರರು ಕಮಾನು ಕೆಳಗಿಟ್ಟು, ‘ಬಂತು’ ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಆ ಕಣ್ಣೀರಿನ ಮನುಷ್ಯರ ಮನೆಯಲ್ಲೇ ಭಾನುವಾರ ಭಾನುವಾರ ಓದುಗರ ಕೂಟ ಸೇರುತ್ತಿತ್ತು. ವಕೀಲರು, ಬ್ಯಾಂಕಿನವರು, ಕಾಲೇಜಿನವರು. ಜಗಲಿಗೆ ಚಾಪೆ ಹಾಸುವುದು, ಚಹಾ ಕೊಡುವುದು ಶುಕ್ರನ ಕೆಲಸ. ಉಳುವವನಿಗೆ ನೆಲ ಎಂಬ ಮಾತನ್ನು ಅವನು ಕೇಳಿದ್ದು ಅಲ್ಲಿಯೇ, ಕಂಬದ ಹಿಂದೆ ನಿಂತು. ಕಾನೂನು ಆಗಿದೆ, ಜಾರಿಗೆ ಬರುವುದೊಂದು ಬಾಕಿ. ಬಿಡದೆ ಉಳುತ್ತ ಬಂದವನನ್ನು ಇನ್ನು ಎಬ್ಬಿಸುವುದು ಕಷ್ಟ. ಅದಕ್ಕೇ ಒಡೆಯರೆಲ್ಲ ಈಗಲೇ ಗೇಣಿಯ ಒಕ್ಕಲನ್ನು ಬದಲಿಸುತ್ತಿದ್ದಾರೆ, ಒಂದು ವರ್ಷ ಕೈ ತಪ್ಪಿದರೆ ಸಾಕು, ಹಕ್ಕು ಹೋಯಿತು ಎಂದು ವಕೀಲರು ಹೇಳಿದ್ದರು. ಎಲ್ಲರೂ ಸಿಟ್ಟಿನಿಂದ ಮೇಲೆದ್ದು ಕೂತಿದ್ದರು. ಚಹಾ ಮುಗಿದ ಮೇಲೆ ಎಲ್ಲರ ಕಪ್ಪು ಒಳಗೆ ಹೋದವು. ಶುಕ್ರ ತನ್ನ ಲೋಟವನ್ನು ಬಾವಿಕಟ್ಟೆಯ ಮೇಲೆ ತೊಳೆದು, ಅಲ್ಲೇ ಬೋರಲು ಹಾಕಿ ಬಂದ. ಮಾಸ್ತರರ ಹೆಂಡತಿ ಸುಮತಿಯಮ್ಮ ಒಳ್ಳೆಯವರು. ಆ ಲೋಟವನ್ನು ಬೇರೆ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತಿದ್ದರು.

ಹೊಳನಗದ್ದೆಯ ಹಾದಿಗೆ ಇಳಿದಾಗ ಬಿಸಿಲು ಓರೆಯಾಗಿತ್ತು. ಕೊಯ್ದ ಗದ್ದೆಯ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಅತ್ತಿಗೆ ಸಣ್ಣಿ ಬೇಲಿಯ ದಣಪೆ ಹತ್ತಿರವೇ ಕಾಯುತ್ತ ನಿಂತಿದ್ದಳು, ಕೊರಳಿನ ಮಣಿಸರವನ್ನು ಬೆರಳಿಗೆ ಸುತ್ತುತ್ತ.

‘ಬಂದ್ಯನಾ! ಭಟ್ಕಳದೋರು ಹಾರ ಹಾಕಿ ಅಲ್ಲೇ ಇಟ್ಕಂಡ್ರು ಅಂದ್ಕಂಡೆ.’

‘ಅಣ್ಣ ಎಲ್ಲಿ?’

‘ಒಡೇರಲ್ಲಿಗೆ ಹೋಗಾತು. ಗೇಣಿ ಭತ್ತ ಅಳ್ದಾತು. ನೀ ಬರೂಕೆ ಹೊತ್ತಾದ್ರೆ ಎಂತ ಮಾಡುದು ಅಂತ ಬೆಳಗಿಂದ ಗಂಜಿ ಮುಟ್ಟಲಿಲ್ಲ ಅಂವ.’ ಅವಳು ದನಿ ತಗ್ಗಿಸಿದಳು. ‘ಇವತ್ತು ಬೆರಳು ಮಡ್ಚೂಕೇ ಬತ್ತಿಲ್ಲೆ. ಕತ್ತಿ ಹಿಡೂಕಾಗಲಿಲ್ಲ. ನೀ ಕೈ ಬಿಡ್ಬೇಡ ಮಾರಾಯಾ. ನೀ ಇದ್ರೆ ಯಾರಿಗೂ ತಿಳೂದಿಲ್ಲ.’

ತಿಳಿಯುತ್ತಿರಲಿಲ್ಲ, ನಿಜ. ಎರಡು ಮಳೆಗಾಲದಿಂದ ಕುಪ್ಪನ ಬಲಗೈ ಜೋಮು ಹಿಡಿಯುತ್ತಿದೆ. ಬಾರಿಸುತ್ತಿದ್ದಂತೆ ಬೆರಳು ಸತ್ತು ಬೀಳುತ್ತವೆ, ಮತ್ತೆ ಜೀವ ಬರುವ ತನಕ ಶುಕ್ರನ ಪೆಟ್ಟು ನಡೆಯುತ್ತದೆ. ಇದು ಗೊತ್ತಿದ್ದದ್ದು ಮೂರೇ ಜನಕ್ಕೆ. ಗೊತ್ತಾಗಬಾರದವರು ಮಹಾಬಲ ಒಡೇರು. ಅವರ ಮನೆಯ ರೂಢಿಯೇ ಬೇರೆ. ಗೇಣಿ ಅಳೆದ ದಿನ ಸಂಜೆ ಒಕ್ಕಲು ಅವರ ಅಂಗಳದಲ್ಲಿ ಗುಮಟೆ ಬಾರಿಸಬೇಕು. ಹಾಡು ಮುಗಿದ ಮೇಲೆ ನಡುವೆ ಕೂತವನ ಮುಂದೆ ಒಡೇರು ವೀಳ್ಯದ ತಟ್ಟೆ ಇಡುತ್ತಾರೆ. ಕಾಗದವಿಲ್ಲ, ರುಜುವಿಲ್ಲ. ವೀಳ್ಯ ಎತ್ತಿಕೊಂಡವನೇ ಆ ವರ್ಷದ ಒಕ್ಕಲು. ಅಪ್ಪ ಸತ್ತ ವರ್ಷದಿಂದ ಅದನ್ನು ಎತ್ತಿದವನು ಕುಪ್ಪ.

ಅಂಗಳದ ಮೂಲೆಯಲ್ಲಿ ಹುಲ್ಲಿನ ಬೆಂಕಿ ಹಾಕಿ ಗುಮಟೆ ಕಾಯಿಸುತ್ತಿದ್ದರು. ಹಾಡು ಹೇಳುವ ಮುದಿ ತಿಮ್ಮಪ್ಪ ಕಿವಿಗೆ ಕೈಯಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಒಡೇರು ಜಗಲಿಯ ಆರಾಮಕುರ್ಚಿಯಲ್ಲಿ ಕಾಲು ಚಾಚಿದ್ದರು. ಅಳೆದ ಭತ್ತದ ರಾಶಿಯ ಮೇಲೆ ಕೋಳಿಯೊಂದು ಕೆದರುತ್ತಿತ್ತು, ಅದನ್ನು ಓಡಿಸುವ ಮನಸ್ಸು ಯಾರಿಗೂ ಇದ್ದಂತಿರಲಿಲ್ಲ.

‘ಬಂದಾ ನಮ್ಮ ಸಂಗೀತಗಾರ,’ ಎಂದರು ಒಡೇರು. ‘ಎಂತದಾ ಶುಕ್ರಾ, ಮಾಸ್ತರು ಪಿಟೀಲು ಕುಯ್ದು ನೀ ಮಡಕೆ ಬಡ್ದು ಭಟ್ಕಳ ಗೆದ್ಕಂಡು ಬಂದ್ರಾ?’

ಜನ ನಕ್ಕರು. ಶುಕ್ರನೂ ನಕ್ಕ. ಕುಪ್ಪ ನಗಲಿಲ್ಲ. ಬಲಗೈಯನ್ನು ಬೆಂಕಿಯ ಹತ್ತಿರ, ಗುಮಟೆ ಕಾಯಿಸುವ ನೆವದಲ್ಲಿ, ಚರ್ಮಕ್ಕಿಂತ ಹತ್ತಿರ ಹಿಡಿದಿದ್ದ. ಶುಕ್ರ ಎಡಕ್ಕೆ ಬಂದು ಕೂತಾಗ ತೊಡೆಗೆ ತೊಡೆ ತಾಗಿತು. ‘ಉಂಡ್ಯಾ?’ ಎಂದ ಕುಪ್ಪ. ‘ಇಲ್ಲೆ’ ಎಂದ ಶುಕ್ರ. ‘ಆತು, ಮುಗ್ಸಿ ಉಂಬ್ವ’ ಎಂದ ಕುಪ್ಪ. ಅಷ್ಟರಲ್ಲಿ ತಿಮ್ಮಪ್ಪನ ದನಿ ಏರಿತು.

ಹಾಡು ಹತ್ತಿದ ಮೇಲೆ ಶುಕ್ರನಿಗೆ ಮೈ ಹಗುರಾಯಿತು. ಬಸ್ಸಿನ ಧೂಳು, ಲಾಂಚಿನ ಬಿಸಿಲು, ಮಾಸ್ತರರ ಬೆನ್ನು ಎಲ್ಲ ಒಂದೊಂದಾಗಿ ಬಿಟ್ಟುಹೋದವು. ಕುಪ್ಪನ ಪೆಟ್ಟು ಗಟ್ಟಿಯಾಗಿಯೇ ಬೀಳುತ್ತಿತ್ತು. ಒಮ್ಮೆ ಅವನ ಕೈ ಸೋತಿತು, ಶುಕ್ರ ತುಂಬಿದ, ಒಡೇರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಸೋತಿತು, ತುಂಬಿದ. ಹಾಡು ಮೇಲೇರಿ, ಎಲ್ಲ ಗುಮಟೆಗಳೂ ತಗ್ಗಿ ಮುಂದಾಳಿನ ಪೆಟ್ಟೊಂದೇ ಉಳಿಯುವ ಜಾಗ ಬಂತು. ಅಲ್ಲಿ ಕುಪ್ಪನ ಬೆರಳು ಚರ್ಮದ ಮೇಲೆ ಬಿದ್ದವು, ಏಳಲಿಲ್ಲ.

ಸದ್ದು ನಿಂತಿತು. ಶುಕ್ರನ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಕೋಳಿ ಭತ್ತ ಕೆದರುವುದು ಕೇಳಿಸಿತು, ದೂರದಲ್ಲಿ ಕಡಲು ಕೇಳಿಸಿತು. ಮೊದಲ ಕ್ಷಣ ಅದು ಕೈಯ ತಪ್ಪು. ಮಳೆಗಾಲವೆಲ್ಲ ತಟ್ಟಿ ತಟ್ಟಿ ಮಾಡಿದ ಕೈ ಅದು, ಖಾಲಿ ಬಂದರೆ ಖಾಲಿ ಬಿಡುವ ಕೈ. ಆದರೆ ಅದು ಒಂದು ಕ್ಷಣದ ಮಾತು. ಆಮೇಲೆ ಅವನಿಗೆ ಗೊತ್ತಾಯಿತು. ಇದು ಭಟ್ಕಳವಲ್ಲ, ಇದು ಅಣ್ಣ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಈಗಲೂ ಹೊಡೆದರೆ ಆಗುತ್ತದೆ, ಉಸಿರು ತೆಗೆದುಕೊಂಡರು ಅಂದುಕೊಳ್ಳುತ್ತಾರೆ ಎಂದೂ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಅವನು ಕೈ ಇಳಿಸಲಿಲ್ಲ. ಒಡೇರು ಕುರ್ಚಿಯಿಂದ ಮುಂದಕ್ಕೆ ಬಾಗಿದ್ದನ್ನು ಕಂಡ. ಇಡೀ ಅಂಗಳ, ಭತ್ತದ ರಾಶಿ, ಜಗಲಿ, ಕುರ್ಚಿ, ಎಲ್ಲ ತನ್ನ ಮುಂದಿನ ಏಟಿಗೆ ಕಾಯುತ್ತಿವೆ. ಮಹಾಬಲ ಒಡೇರು ಕಾಯುತ್ತಿದ್ದಾರೆ. ಇದೊಂದು ಸಾರಿ ಕಾಯಲಿ. ಆ ಸುಖ ಎದೆಯೊಳಗೆ ಬಿಸಿನೀರಿನ ಹಾಗೆ ಹರಡಿತು, ಹರಡುವಾಗಲೇ ಅದರ ಬೆಲೆ ತೆರುವವನು ಯಾರೆಂದೂ ತಿಳಿದಿತ್ತು. ಕೊನೆಗೆ ಎಡಗೈಯಿಂದ ಮಡಕೆಯ ಬಾಯಿ ಮುಚ್ಚಿ ಒಂದು ಏಟು ಹಾಕಿದ. ತುಂಬ ಕೆಳಗಿನಿಂದ ಬಂದ ಹಾಗೆ ಅದು ಬಂತು. ಚೆನ್ನಾಗಿ ಬಂತು.

ಆ ಏಟು ಹಿಡಿದು ಯಾರೂ ಹಾಡು ಮುಂದುವರಿಸಲಿಲ್ಲ. ತಿಮ್ಮಪ್ಪ ಬಾಯಿ ತೆರೆದುಕೊಂಡೇ ಇದ್ದ.

‘ಎಂತದಾ ಕುಪ್ಪಾ?’ ಎಂದರು ಒಡೇರು. ‘ಕೈ ತೋರ್ಸು ಕಾಂಬ. ಮಡಚು.’

ಕುಪ್ಪ ಕೈ ಚಾಚಿದ. ಮಡಚಲಾಗಲಿಲ್ಲ. ಎಲ್ಲರೆದುರು ಎಡಗೈಯಿಂದ ಬಲಗೈಯ ಬೆರಳು ಒಂದೊಂದಾಗಿ ಮಡಚಿ ತೋರಿಸಿದ.

‘ಪಾಪ,’ ಎಂದರು ಒಡೇರು, ನಿಜವಾಗಿ ಪಾಪ ಅನ್ನಿಸಿದವರ ಹಾಗೆ. ‘ನೇಗ್ಲು ಹ್ಯಾಂಗೆ ಹಿಡಿತ್ಯಾ ಇದ್ರಲ್ಲಿ? ದುಡ್ದದ್ದು ಸಾಕಾತು ನೀನು. ಈ ವರ್ಷದ ವೀಳ್ಯ ಶುಕ್ರಂಗೆ ಆಗ್ಲಿ. ಬೇರೆಯೋರಲ್ಲ, ತಮ್ಮನೇ. ಎಂತ ಹೇಳ್ತೆ ಶುಕ್ರಾ?’

ಒಂದು ವರ್ಷ ಕೈ ತಪ್ಪಿದರೆ ಸಾಕು ಎಂದ ವಕೀಲರ ದನಿ ಕಂಬದ ಹಿಂದೆ ಕೇಳಿದ ಹಾಗೆಯೇ ಕೇಳಿಸಿತು. ಸಂಬಳ ತಿನ್ನುವ ಜವಾನ ಉಳುವವನಲ್ಲ; ಅವನ ಹೆಸರಿಗೆ ಬಂದ ಗದ್ದೆ ಮರುವರ್ಷ ಯಾರದೆಂದು ಈ ಅಂಗಳದಲ್ಲಿ ಬಲ್ಲವರು ಇಬ್ಬರೇ; ಒಡೇರು ಮತ್ತು ತಾನು. ಹೇಳಬೇಕು. ಆಗೂದಿಲ್ಲ ಒಡ್ಯಾ, ಗದ್ದೆ ಅಣ್ಣಂದು ಎನ್ನಬೇಕು. ಇಷ್ಟೇ ಮಾತು. ಅದು ಗಂಟಲಿಗೆ ಬಂತು, ಅಲ್ಲಿ ಹಳೆಯದೊಂದು ಕೈ ಅದನ್ನು ಹಿಡಿದುಕೊಂಡಿತು. ಈ ಜಗಲಿಯೆದುರು ಅಪ್ಪ ಸುಮ್ಮನೆ ನಿಂತಿದ್ದ, ಅಪ್ಪನ ಅಪ್ಪ ನಿಂತಿದ್ದ. ಈಗಷ್ಟೇ ತಾನು ಹಿಡಿದಿದ್ದ ಹದಿನಾರು ಏಟಿನ ಆ ದೊಡ್ಡ ಖಾಲಿಗೂ ಈಗ ಬಾಯೊಳಗಿರುವ ಇದಕ್ಕೂ ಏನು ವ್ಯತ್ಯಾಸ ಎಂದು ಮಾಸ್ತರರನ್ನು ಕೇಳಬೇಕು ಅನ್ನಿಸಿತು. ಅವರು ಕುಮಟೆಯಲ್ಲಿದ್ದರು. ಒಡೇರು ಉತ್ತರಕ್ಕೆ ಕಾಯಲಿಲ್ಲ. ತಟ್ಟೆ ತಂದು ಶುಕ್ರನ ಮುಂದಿಟ್ಟರು. ‘ಹಾಡು ಅರ್ಧಕ್ಕೆ ನಿಂತ್ರೆ ಮನೆಗೆ ಒಳ್ಳೇದಲ್ಲ. ಮುಗ್ಸಿ,’ ಎಂದರು.

ಕುಪ್ಪ ಎದ್ದ. ಗುಮಟೆಯನ್ನು ಎಡಗೈಯಲ್ಲಿ ಎತ್ತಿಕೊಂಡು, ಶುಕ್ರನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಅವನ ಎಡಕ್ಕೆ ಕೂತ. ‘ಸರೀ ಆಚೆಗೆ,’ ಎಂದ.

‘ಅಣ್ಣಾ…’

‘ಸರೀ ಅಂದೆ. ನಡುಗೆ ಕೂರು. ಒಡೇರು ಹೇಳಾತಲ್ಲ.’

ನಡುವಿನ ಜಾಗ ಇನ್ನೂ ಬೆಚ್ಚಗಿತ್ತು. ಶುಕ್ರ ಸರಿದು ಕೂತ. ತಿಮ್ಮಪ್ಪ ಬಿಟ್ಟಲ್ಲಿಂದ ಹಾಡು ಎತ್ತಿದ. ಶುಕ್ರ ಬಾರಿಸತೊಡಗಿದ. ಕುಪ್ಪನೂ ಬಾರಿಸತೊಡಗಿದ, ಎಡಗೈಯಿಂದ. ಸತ್ತ ಬಲಗೈಯನ್ನು ಮಡಕೆಯ ಬಾಯಿಗೆ ತುರುಕಿ. ಪೆಟ್ಟು ಒಡ್ಡೊಡ್ಡಾಗಿತ್ತು, ಆದರೆ ತಪ್ಪುತ್ತಿರಲಿಲ್ಲ. ಶುಕ್ರ ಉಸಿರೆಳೆದರೆ ಅಲ್ಲಿ ಅಣ್ಣನ ಪೆಟ್ಟು ಬಿತ್ತು. ಬೆವರು ಕಣ್ಣಿಗಿಳಿದು ರೆಪ್ಪೆ ಮುಚ್ಚಿದರೆ ಅಲ್ಲಿ ಬಿತ್ತು. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ, ಯಾರೂ ಎಂದೂ ತುಂಬದ ಕೂದಲೆಳೆಯಷ್ಟು ಸಂದಿನಲ್ಲೂ ಬಿತ್ತು. ಶುಕ್ರ ಅಣ್ಣನ ಮುಖ ನೋಡಿದ. ಕುಪ್ಪ ಭತ್ತದ ರಾಶಿ ನೋಡುತ್ತಿದ್ದ, ಗದ್ದೆಯಲ್ಲಿ ಸಾಲು ಹಿಡಿದವನ ಹಾಗೆ, ಎಡಗಡೆಯವನು ಮಾಡಬೇಕಾದ ಕೆಲಸವನ್ನು ಒಂದು ಚೂರೂ ಬಿಡದೆ ಮಾಡುತ್ತ.